ಬಿದ್ದ ಬೆಲೆಗಿಂತ ಅದರ ಮೇಲಿದ್ದ ಸಾಲ ದೊಡ್ಡದು

ಮಾನ್ಯ ಸಂಪಾದಕರಿಗೆ,

ಕೆಲವು ವಾರಗಳ ಹಿಂದೆ ತಮ್ಮ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವೊಂದು, 2008ರ ಜಾಗತಿಕ ಆರ್ಥಿಕ ಕುಸಿತಕ್ಕೆ ಅಮೆರಿಕದ ಕೆಲವು ಬ್ಯಾಂಕರ್‌ಗಳ ದುರಾಸೆಯೇ ಕಾರಣವೆಂದೂ, ಇಂತಹ ಕುಸಿತಗಳ ಒಳಗುಟ್ಟು ಹಳ್ಳಿಯ ರೈತನಿಗೆ ಎಟುಕುವಂಥದ್ದಲ್ಲವೆಂದೂ ಹೇಳಿತ್ತು. ಎರಡು ಮಾತನ್ನೂ ನಾನು ಒಪ್ಪಲಾರೆ. ದುರಾಸೆ ಎಲ್ಲ ಕಾಲದಲ್ಲೂ ಇದೆ, ಕುಸಿತ ಮಾತ್ರ ಯಾವಾಗಲೋ ಒಮ್ಮೆ ಬರುತ್ತದೆ. ಸದಾ ಇರುವ ಸಂಗತಿಯೊಂದು ಅಪರೂಪದ ಘಟನೆಗೆ ಪೂರ್ತಿ ಕಾರಣವಾಗುವುದು ಹೇಗೆ? ಇನ್ನು ರೈತನಿಗೆ ಎಟುಕುವ ವಿಚಾರ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ಬೆಳೆದು ಶಿವಮೊಗ್ಗದ ಮಂಡಿಗೆ ಹಾಕುತ್ತ ಬಂದವನೂ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರ ಆಡಳಿತ ಮಂಡಳಿಯಲ್ಲಿ ಹಲವು ವರ್ಷ ಕುಳಿತವನೂ ಆದ ನನಗೆ, ಆ ಕುಸಿತದ ಮೂಲ ಸೂತ್ರಗಳೆಲ್ಲ ನಮ್ಮ ತೋಟದಲ್ಲೇ ಮೊದಲು ಕಂಡಂಥವು ಎನ್ನಿಸಿದೆ.

ವೆನಿಲ್ಲಾದಿಂದ ಶುರು ಮಾಡುತ್ತೇನೆ. ಜಗತ್ತಿನ ವೆನಿಲ್ಲಾದ ಬಹುಪಾಲನ್ನು ಬೆಳೆಯುವ ಮಡಗಾಸ್ಕರ್ ದ್ವೀಪಕ್ಕೆ 2000ದಲ್ಲಿ ಚಂಡಮಾರುತ ಬಡಿದು ಬಳ್ಳಿಗಳು ನೆಲಕಚ್ಚಿದವು. ಪೂರೈಕೆ ಕುಗ್ಗಿತು, ಬೆಲೆ ಏರತೊಡಗಿತು. ಅದೇ ಹೊತ್ತಿಗೆ ಇಲ್ಲಿ ಅಡಿಕೆ ಧಾರಣೆ ಬಿದ್ದು ಬೆಳೆಗಾರರು ಬೇರೆ ದಾರಿ ಹುಡುಕುತ್ತಿದ್ದರು. 2003ರಲ್ಲಿ ಹಸಿ ಕೋಡಿನ ಬೆಲೆ ಕಿಲೋಗೆ 3,000 ರೂಪಾಯಿ ದಾಟಿದಾಗ, ತೋಟಕ್ಕೆ ರಾತ್ರಿ ಕಾವಲು ಕೂರುವ ಕಾಲ ಬಂತು. ಬಳ್ಳಿಯ ತುಂಡುಗಳೇ ಒಂದು ವ್ಯಾಪಾರವಾದವು. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಹೂವಿಗೆ ಕಡ್ಡಿ ಹಿಡಿದು ಒಂದೊಂದಾಗಿ ಪರಾಗಸ್ಪರ್ಶ ಮಾಡುವ ಕೆಲಸವನ್ನು ನಮ್ಮ ಮನೆಯ ಹೆಂಗಸರೂ ಕಲಿತರು. ಆದರೆ ನೆಟ್ಟ ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ ಬೇಕು, ಆ ಮೇಲೆ ಕೋಡು ಬಲಿಯಲು ಎಂಟೊಂಬತ್ತು ತಿಂಗಳು. 2003ರ ಬೆಲೆ ನೋಡಿ ನೆಟ್ಟವರ ಫಸಲು ಕೈಗೆ ಬರುವಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಉಗಾಂಡಾದಿಂದ ಭಾರತದವರೆಗೆ ಎಲ್ಲರೂ ನೆಟ್ಟಿದ್ದರು, ಐಸ್‌ಕ್ರೀಮ್ ತಯಾರಕರು ಕೃತಕ ವೆನಿಲಿನ್‌ಗೆ ಹೊರಳಿದ್ದರು. ಹಸಿ ಕೋಡು ಕಿಲೋಗೆ ನೂರು ರೂಪಾಯಿಯ ಆಸುಪಾಸಿಗೆ ಇಳಿಯಿತು.

ಅರ್ಥಶಾಸ್ತ್ರದ ಮೊದಲ ಪಾಠ ಇದರಲ್ಲೇ ಇದೆ. ನೆಡುವವನು ಇಂದಿನ ಬೆಲೆಯನ್ನು ನೋಡುತ್ತಾನೆ, ಮಾರುವವನಿಗೆ ಸಿಗುವುದು ಮೂರೋ ಏಳೋ ವರ್ಷದ ನಂತರದ ಬೆಲೆ. ನಡುವಿನ ಆ ಅವಧಿಯಲ್ಲಿ ಅದೇ ಸುದ್ದಿಯನ್ನು ಕೇಳಿದ ಸಾವಿರಾರು ಜನ ಅದೇ ತೀರ್ಮಾನಕ್ಕೆ ಬಂದಿರುತ್ತಾರೆ, ಮತ್ತು ಪ್ರತಿಯೊಬ್ಬನೂ ತಾನೊಬ್ಬನೇ ನೆಡುತ್ತಿರುವಂತೆ ಲೆಕ್ಕ ಹಾಕಿರುತ್ತಾನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಇದೇ ಆಯಿತು. ಮೊದಲ ಮಹಾಯುದ್ಧದ ಕಾಲದ ಬೇಡಿಕೆಯಲ್ಲಿ 1918ರಲ್ಲಿ ಕೈಗೊಂಡ ಆ ಯೋಜನೆಯಲ್ಲಿ ಬೀಡುಕಬ್ಬಿಣ ಹರಿದದ್ದು 1923ರಲ್ಲಿ. ಅಷ್ಟರಲ್ಲಿ ಯುದ್ಧವೂ ಮುಗಿದಿತ್ತು, ಕಬ್ಬಿಣದ ಬೆಲೆಯೂ ಇಳಿದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ವಹಿಸಿಕೊಂಡದ್ದು ಇಂಥ ನಷ್ಟದ ಹೊತ್ತಿನಲ್ಲಿ. ಹಾಕಿದ ಬಂಡವಾಳ ಮೈಸೂರು ಸಂಸ್ಥಾನದ್ದಾಗಿತ್ತು, ನಾಳೆಯೇ ವಾಪಸು ಕೊಡು ಎಂದು ಬಾಗಿಲಿಗೆ ಬಂದು ನಿಲ್ಲುವ, ಸಾಲ ಕೊಟ್ಟವನದ್ದಾಗಿರಲಿಲ್ಲ. ಕಾರ್ಖಾನೆ ಉಳಿಯಿತು.

ನನ್ನ ಪತ್ರದ ಮುಖ್ಯ ಮಾತೂ ಇದೇ. ವೆನಿಲ್ಲಾ ಬೆಲೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಬಿದ್ದರೂ ಮಲೆನಾಡು ಮುಳುಗಲಿಲ್ಲ. ನಷ್ಟವಾಯಿತು, ಬೇಸರವಾಯಿತು, ಬಳ್ಳಿಯನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ಜನ ಮತ್ತೆ ಅಡಿಕೆ, ಕಾಳುಮೆಣಸಿನತ್ತ ತಿರುಗಿದರು. ಅತ್ತ ಅಮೆರಿಕದಲ್ಲಿ ಮನೆಗಳ ಬೆಲೆ ತುತ್ತತುದಿಯಿಂದ ಸರಾಸರಿ ಕಾಲುಭಾಗಕ್ಕಿಂತ ತುಸು ಹೆಚ್ಚು ಇಳಿದದ್ದಕ್ಕೇ ಇಡೀ ಜಗತ್ತು ನಡುಗಿತು. ಏಕೆ? ಇಲ್ಲಿಯ ಬಹುತೇಕ ಬೆಳೆಗಾರರು ವೆನಿಲ್ಲಾ ಹಾಕಿದ್ದು ಕೈಯಲ್ಲಿದ್ದ ದುಡ್ಡಿನಿಂದ ಮತ್ತು ಮನೆಮಂದಿಯ ದುಡಿಮೆಯಿಂದ. ಅಲ್ಲಿ ಮನೆ ಕೊಂಡದ್ದು ಸಾಲದಿಂದ, ಆ ಸಾಲ ಕೊಟ್ಟವರೂ ಸಾಲ ತಂದೇ ಕೊಟ್ಟಿದ್ದರು. ಇದು ಕಾಕತಾಳೀಯವಲ್ಲವೆಂದು ತೋರಿಸಲು ಅಮೆರಿಕದ್ದೇ ಇನ್ನೊಂದು ಉದಾಹರಣೆ ಸಾಕು. 2000ದಿಂದ 2002ರ ನಡುವೆ ತಂತ್ರಜ್ಞಾನ ಕಂಪನಿಗಳ ನಾಸ್ಡಾಕ್ ಷೇರು ಸೂಚ್ಯಂಕ ನೂರಕ್ಕೆ ಎಪ್ಪತ್ತೆಂಟರಷ್ಟು ಬಿದ್ದಿತು, ಆದರೂ 2001ರ ಆರ್ಥಿಕ ಹಿಂಜರಿತ ಎಂಟೇ ತಿಂಗಳಲ್ಲಿ ಮುಗಿಯಿತು. ಮನೆಗಳ ಬೆಲೆ ಇಳಿದಾಗ ಬಂದ ಹಿಂಜರಿತ 2007ರ ಡಿಸೆಂಬರ್‌ನಿಂದ 2009ರ ಜೂನ್‌ವರೆಗೆ, ಹದಿನೆಂಟು ತಿಂಗಳು ಎಳೆಯಿತು. ಷೇರಿನಲ್ಲಿ ಕಳೆದುಕೊಂಡವನು ತನ್ನ ಹಣ ಕಳೆದುಕೊಳ್ಳುತ್ತಾನೆ. ಸಾಲ ಮಾಡಿ ಕಳೆದುಕೊಂಡವನು ಇತರರ ಹಣವನ್ನೂ ಕಳೆಯುತ್ತಾನೆ.

ಲೆಕ್ಕ ಬಹಳ ಸರಳ. ಹತ್ತು ಲಕ್ಷದ ತೋಟವನ್ನು ಪೂರ್ತಿ ಸ್ವಂತ ಹಣದಿಂದ ಕೊಂಡವನಿಗೆ ಬೆಲೆ ನೂರಕ್ಕೆ ಹತ್ತು ಇಳಿದರೆ ಒಂದು ಲಕ್ಷ ಹೋಯಿತು, ಒಂಬತ್ತು ಲಕ್ಷ ಉಳಿಯಿತು. ಒಂದು ಲಕ್ಷ ಕೈಯಿಂದ ಹಾಕಿ ಒಂಬತ್ತು ಲಕ್ಷ ಸಾಲ ತಂದವನಿಗೆ ಅದೇ ಇಳಿತದಲ್ಲಿ ತನ್ನದೆನ್ನುವುದೇನೂ ಉಳಿಯಲಿಲ್ಲ. 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿದ ಅಮೆರಿಕದ ಹೂಡಿಕೆ ಬ್ಯಾಂಕು ಲೀಮನ್ ಬ್ರದರ್ಸ್, ತನ್ನ ಒಂದು ಡಾಲರ್ ಬಂಡವಾಳಕ್ಕೆ ಸುಮಾರು ಮೂವತ್ತು ಡಾಲರ್‌ಗಳ ಆಸ್ತಿಯನ್ನು ಇಟ್ಟುಕೊಂಡಿತ್ತು. ಅಂದರೆ ಆಸ್ತಿಯ ಬೆಲೆ ನೂರಕ್ಕೆ ಮೂರು ನಾಲ್ಕು ಇಳಿದರೆ ಸಾಕು, ಬಂಡವಾಳ ಸೊನ್ನೆ. ಇದಕ್ಕೆ ದುರಾಸೆ ಎನ್ನಬಹುದು, ಬೇಡವೆನ್ನುವುದಿಲ್ಲ. ಆದರೆ ಅದೇ ದುರಾಸೆಯ ಮನುಷ್ಯನಿಗೆ ಸಾಲ ಸಿಗದಿದ್ದರೆ ಅವನಿಂದಾಗುವ ಹಾನಿ ಅವನ ಅಂಗಳವನ್ನು ದಾಟುವುದಿಲ್ಲ.

ಸಾಲ ಅಷ್ಟು ಸುಲಭವಾಗಿ ಏಕೆ ಸಿಗುತ್ತದೆ ಎಂಬುದಕ್ಕೆ ನನ್ನದೇ ತಪ್ಪಿನ ಸಾಕ್ಷಿ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಅಡಿಕೆ ಧಾರಣೆ ಏರಿದ್ದಾಗ ನಮ್ಮ ಸಂಘಕ್ಕೆ ಬಂದ ಮಧ್ಯಮಾವಧಿ ಸಾಲದ ಅರ್ಜಿಗಳಲ್ಲಿ ತೋಟದ ಮೌಲ್ಯವನ್ನು ಆ ವರ್ಷದ ರಾಶಿ ಎಂಬ ದರ್ಜೆಯ ಅಡಿಕೆಯ ಧಾರಣೆಯ ಮೇಲೆಯೇ ಲೆಕ್ಕ ಹಾಕಿದ್ದೆವು. ಧಾರಣೆ ಏರಿದ್ದರಿಂದ ತೋಟದ ಬೆಲೆ ಏರಿತು, ತೋಟದ ಬೆಲೆ ಏರಿದ್ದರಿಂದ ಸಾಲದ ಮಿತಿ ಏರಿತು, ಸಾಲದ ಹಣ ಕೈಗೆ ಬಂದಿದ್ದರಿಂದ ಪಕ್ಕದ ತೋಟಕ್ಕೆ ಇನ್ನಷ್ಟು ಬೆಲೆ ಕೇಳುವವರು ಹುಟ್ಟಿಕೊಂಡರು. ಕಂತು ಕಟ್ಟದ ಸುಸ್ತಿದಾರರ ಪಟ್ಟಿ ಆಗ ಖಾಲಿಯಾಗಿದ್ದರಿಂದ ನಾವು ಜಾಣರೆಂದು ನಮಗೇ ಅನ್ನಿಸಿತ್ತು. ಆ ಠರಾವುಗಳಿಗೆ ನಾನೂ ಸಹಿ ಹಾಕಿದ್ದೇನೆ. 2000ದ ನಂತರದ ಎರಡು ಮೂರು ವರ್ಷಗಳಲ್ಲಿ ಧಾರಣೆ ಅರ್ಧಕ್ಕೂ ಕೆಳಗಿಳಿದಾಗ, ಕಂತು ಕಟ್ಟಲೇಬೇಕಾದ ಸದಸ್ಯರು ಅಡಿಕೆ ಗೊನೆ ಬಲಿಯುವ ಮೊದಲೇ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಟ್ಟರು. ಬೆಲೆ ಏರುವವರೆಗೆ ಕಾಯುವ ಶಕ್ತಿ ಇದ್ದದ್ದು ಸಾಲವಿಲ್ಲದವರಿಗೆ ಮಾತ್ರ. ಹತ್ತು ಕ್ವಿಂಟಲ್ ರಾಶಿ ಮಾರಿದರೆ ತೀರುತ್ತಿದ್ದ ಸಾಲಕ್ಕೆ ಇಪ್ಪತ್ತು ಕ್ವಿಂಟಲ್ ಮಾರಬೇಕಾಯಿತು. ಪುಸ್ತಕದಲ್ಲಿ ಸಾಲ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ. ತೋಟದ ಲೆಕ್ಕದಲ್ಲಿ ಅದು ಎರಡು ಪಟ್ಟಾಗಿತ್ತು.

ಇದನ್ನೇ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1933ರಲ್ಲಿ ಸಿದ್ಧಾಂತವಾಗಿ ಬರೆದರು. ಷೇರುಗಳ ಬೆಲೆ ಇನ್ನು ಇಳಿಯದ ಎತ್ತರವನ್ನು ಮುಟ್ಟಿದೆಯೆಂದು 1929ರ ಅಕ್ಟೋಬರ್‌ನಲ್ಲಿ ಹೇಳಿ, ಅದೇ ತಿಂಗಳ ಕುಸಿತದಿಂದಾಗಿ ತಮ್ಮ ಆಸ್ತಿಯನ್ನೂ ಹೆಸರನ್ನೂ ಕಳೆದುಕೊಂಡವರು ಅವರು. ಸುಟ್ಟುಕೊಂಡ ಕೈಯಿಂದ ಬರೆದದ್ದಕ್ಕೋ ಏನೋ ಆ ವಿವರಣೆಯಲ್ಲಿ ಹೆಚ್ಚು ನಿಜವಿದೆ. ಬೆಲೆ ಇಳಿದಂತೆ ಸಾಲದ ನಿಜವಾದ ಭಾರ ಏರುತ್ತದೆ, ಭಾರ ಇಳಿಸಲು ಎಲ್ಲರೂ ಒಮ್ಮೆಗೇ ಮಾರುತ್ತಾರೆ, ಎಲ್ಲರೂ ಮಾರಿದ್ದರಿಂದ ಬೆಲೆ ಮತ್ತೂ ಇಳಿಯುತ್ತದೆ. 1929ರಿಂದ 1933ರ ನಡುವೆ ಅಮೆರಿಕದಲ್ಲಿ ಬೆಲೆಗಳು ಸುಮಾರು ಕಾಲುಭಾಗ ಇಳಿದವು, ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು, ಚಲಾವಣೆಯ ಹಣ ಮತ್ತು ಬ್ಯಾಂಕ್ ಠೇವಣಿ ಸೇರಿ ಮೂರನೇ ಒಂದು ಭಾಗ ಕರಗಿತು, ನಾಲ್ವರಲ್ಲಿ ಒಬ್ಬ ದುಡಿಮೆಗಾರನಿಗೆ ಕೆಲಸವಿರಲಿಲ್ಲ. ಆ ಕುಸಿತ ನಮ್ಮ ದೇಶವನ್ನು ತಲುಪಿದ್ದು ಕೃಷಿ ಬೆಲೆಗಳ ಮೂಲಕ. ಬೆಳೆಯ ಬೆಲೆ ಅರ್ಧದಷ್ಟಾದರೂ ಕಂದಾಯ ಮತ್ತು ಬಡ್ಡಿಯನ್ನು ಮಾತ್ರ ಮೊದಲಿನಷ್ಟೇ ರೂಪಾಯಿಗಳಲ್ಲಿ ಕಟ್ಟಬೇಕಿತ್ತು. 1931ರ ನಂತರ ಭಾರತದಿಂದ ಹಡಗುಗಟ್ಟಲೆ ಹೊರಹೋದ ಚಿನ್ನದಲ್ಲಿ ಹಳ್ಳಿಯ ಹೆಂಗಸರು ಮೈಮೇಲಿಂದ ಬಿಚ್ಚಿಕೊಟ್ಟ ಒಡವೆಗಳ ಪಾಲು ದೊಡ್ಡದಿತ್ತು.

ಒಬ್ಬನ ಖರ್ಚು ಇನ್ನೊಬ್ಬನ ಆದಾಯ ಎಂಬ ಇನ್ನೊಂದು ಸೂತ್ರವನ್ನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಯಾವ ಅಂಗಡಿಯವರನ್ನು ಕೇಳಿದರೂ ವಿವರಿಸುತ್ತಾರೆ. ಅಡಿಕೆ ಧಾರಣೆ ಬಿದ್ದ ವರ್ಷ ಸೀರೆ ಅಂಗಡಿಯಲ್ಲೂ ಪಾತ್ರೆ ಅಂಗಡಿಯಲ್ಲೂ ಗಿರಾಕಿ ಇರುವುದಿಲ್ಲ, ಮದುವೆಗಳು ಸಣ್ಣದಾಗುತ್ತವೆ, ಮನೆ ಕಟ್ಟುವ ಕೆಲಸ ನಿಂತು ಗಾರೆ ಕೆಲಸದವನು ಊರಿಗೆ ಮರಳುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಒಂದು ಮನೆಗೆ ಸರಿಯಾದ ಬುದ್ಧಿವಾದ. ಆದರೆ ಊರಿನವರೆಲ್ಲ ಒಂದೇ ದಿನ ಕಾಲು ಮಡಚಿಕೊಂಡರೆ ಹಾಸಿಗೆಯೇ ಚಿಕ್ಕದಾಗುತ್ತ ಹೋಗುತ್ತದೆ. ಕೇನ್ಸ್ ಎಂಬ ಅರ್ಥಶಾಸ್ತ್ರಜ್ಞರು 1930ರ ದಶಕದಲ್ಲಿ ಸರ್ಕಾರವೇ ಖರ್ಚು ಮಾಡಬೇಕೆಂದು ವಾದಿಸಿದ್ದು ಈ ಕಾರಣಕ್ಕೆ. ಉಳಿದವರೆಲ್ಲ ಖರ್ಚು ಕಡಿಮೆ ಮಾಡುವಾಗ ಸಾಲ ತೀರಿಸುವ ಒತ್ತಡವಿಲ್ಲದ ಒಬ್ಬನಾದರೂ ಮಾರುಕಟ್ಟೆಯಲ್ಲಿ ನಿಲ್ಲಬೇಕು. ಲೀಮನ್ ಬಿದ್ದ ಬಳಿಕ ನಮ್ಮ ರಿಸರ್ವ್ ಬ್ಯಾಂಕು ಏಳೇ ತಿಂಗಳಲ್ಲಿ, ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ. 9ರಿಂದ ಶೇ. 4.75ಕ್ಕೆ ಇಳಿಸಿದ್ದರ ಹಿಂದೆಯೂ ಹೆಚ್ಚು ಕಡಿಮೆ ಇದೇ ತರ್ಕವಿದೆ.

ಎಲ್ಲ ಕುಸಿತವೂ ಒಂದೇ ಜಾತಿಯದಲ್ಲ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೊಳೆ ರೋಗದಿಂದ ಅಡಿಕೆ ಕಾಯಿ ಉದುರಿದ ವರ್ಷದ ಕಷ್ಟವೇ ಬೇರೆ, ಧಾರಣೆ ಬಿದ್ದ ವರ್ಷದ ಕಷ್ಟವೇ ಬೇರೆ. 1973ರ ಕೊನೆಯಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾದದ್ದು ಮೊದಲ ಜಾತಿಯದು. ಅಂಥ ಹೊತ್ತಿನಲ್ಲಿ ಜನರ ಕೈಗೆ ಎಷ್ಟು ಹಣ ಕೊಟ್ಟರೂ ಇಲ್ಲದ ಎಣ್ಣೆ ಹುಟ್ಟುವುದಿಲ್ಲ, ಬೆಲೆ ಮಾತ್ರ ಏರುತ್ತದೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ನಮ್ಮ ದೇಶದ ಉತ್ಪನ್ನ ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇ. 24ರಷ್ಟು ಕುಸಿದಾಗ ಸರಕಿನ ಕೊರತೆ, ಕೊಳ್ಳುವವರ ಕೊರತೆ ಎರಡೂ ಒಟ್ಟಿಗೆ ನಡೆದವು. 1991ರಲ್ಲಿ ನಾವು ವಿದೇಶಿ ವಿನಿಮಯಕ್ಕಾಗಿ 47 ಟನ್ ಚಿನ್ನವನ್ನು ಅಡವಿಡಬೇಕಾದದ್ದು ಮತ್ತೊಂದು ಬಗೆ, ಅಲ್ಲಿಯೂ ಬೇರೆಯವರ ನಾಣ್ಯದಲ್ಲಿ ಮಾಡಿದ ಸಾಲವೇ ಕೊರಳಿಗೆ ಸುತ್ತಿಕೊಂಡಿತ್ತು.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ, ಚನ್ನಗಿರಿ, ಹೊಸದುರ್ಗದ ಬಯಲಿನಲ್ಲಿ ಅಡಿಕೆ ಸಸಿಗಳು ಏಳುತ್ತಲೇ ಇವೆ. ಇಂದಿನ ಧಾರಣೆ ನೋಡಿ ನೆಟ್ಟ ಸಸಿ ಫಲ ಕೊಡುವುದು ಐದರಿಂದ ಏಳು ವರ್ಷಕ್ಕೆ. ಇತ್ತ ತೀರ್ಥಹಳ್ಳಿ, ಹೊಸನಗರದ ಹಳೆಯ ತೋಟಗಳಲ್ಲಿ ಎಲೆಚುಕ್ಕೆ ರೋಗದಿಂದ ಫಸಲು ಕುಗ್ಗಿರುವುದರಿಂದ ಆ ಲೆಕ್ಕ ಸದ್ಯಕ್ಕೆ ಸರಿಯೆಂದೇ ಕಾಣುತ್ತದೆ. ಮುಂದೆ ಧಾರಣೆ ಬೀಳುತ್ತದೆಂದು ನಾನು ಭವಿಷ್ಯ ನುಡಿಯುತ್ತಿಲ್ಲ, ಫಿಶರ್ ಅವರಿಗಾದದ್ದು ನೆನಪಿದೆ. ಬೀಳುವುದಾದರೆ, ಕೊಳವೆ ಬಾವಿ, ಹನಿ ನೀರಾವರಿ, ಸಸಿ, ಕೊಂಡ ಜಮೀನು ಇವುಗಳಲ್ಲಿ ಎಷ್ಟು ಪಾಲು ಸಾಲದಿಂದ ಆದದ್ದು ಎಂಬುದರ ಮೇಲೆ ಅದರ ಪರಿಣಾಮ ನಿಂತಿರುತ್ತದೆ.

ತಮ್ಮ ಪತ್ರಿಕೆ ಪ್ರತಿದಿನ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ದರ್ಜೆಗಳ ಧಾರಣೆಯನ್ನು ತಪ್ಪದೆ ಪ್ರಕಟಿಸುತ್ತದೆ. ಬೆಳಿಗ್ಗೆ ನಾವು ಮೊದಲು ನೋಡುವುದೂ ಅದನ್ನೇ. ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಪರಿಶೀಲನಾ ಸಭೆ ಮೂರು ತಿಂಗಳಿಗೊಮ್ಮೆ ನಡೆದಾಗ ಕೃಷಿ ಸಾಲದ ಹೊರಬಾಕಿ ಎಷ್ಟು, ಸುಸ್ತಿ ಎಷ್ಟು ಎಂಬ ಅಂಕಿಅಂಶ ಅಲ್ಲಿ ಮಂಡನೆಯಾಗುತ್ತದೆ. ಸಭೆಯ ಸುದ್ದಿಯಲ್ಲಿ ಅಧಿಕಾರಿಗಳ ಭಾಷಣ ಬರುತ್ತದೆ, ಈ ಅಂಕಿಗಳು ಬರುವುದು ಅಪರೂಪ. ಅವುಗಳನ್ನು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಿಗೆ ಬೇರೆ ಬೇರೆಯಾಗಿ, ಹಿಂದಿನ ವರ್ಷದ ಅಂಕಿಗಳೊಂದಿಗೆ, ಅಡಿಕೆ ಧಾರಣೆಯ ಪಟ್ಟಿಯ ಪಕ್ಕದಲ್ಲೇ ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು