ಗೆಳೆಯನಿಗೊಂದು ಪತ್ರ: ಕರಾವಳಿಗೆ ಬಾ, ನಮ್ಮ ಮನೆಯವರು ಉಣ್ಣುವಂತೆ ಉಣ್ಣು

ಪ್ರೀತಿಯ ಗೆಳೆಯ,

ಆಡಿಟ್ ಕೆಲಸದ ಮೇಲೆ ನಮ್ಮ ಕಡೆ ಬರುತ್ತಿದ್ದೀಯ, ತಿಂಗಳಿಡೀ ಮಂಗಳೂರು, ಉಡುಪಿ, ಕುಂದಾಪುರ ಅಂತ ಬ್ಯಾಂಕ್ ಶಾಖೆಗಳನ್ನು ಸುತ್ತುವುದಿದೆ ಎಂದು ಕೇಳಿ ತುಂಬಾ ಖುಷಿಯಾಯಿತು. ಬ್ಯಾಂಕುಗಳು ಹುಟ್ಟಿ ಬೆಳೆದ ಊರುಗಳಿವು. 1906ರಲ್ಲೇ ಮಂಗಳೂರಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕ್ ಶುರುವಾಗಿತ್ತು. ಈಗ ಸಣ್ಣ ಸಣ್ಣ ಪೇಟೆಯಲ್ಲೂ ಶಾಖೆ ಉಂಟು. ಅಂದರೆ ನಿನಗೆ ದಿನಕ್ಕೆರಡು ಊರು, ಮಧ್ಯೆ ಬಸ್ಸು, ಊಟದ ಹೊತ್ತು ಆಚೀಚೆ. ಫೋನ್ ಇಡುವ ಮೊದಲು ನೀನು ಹೇಳಿದ ಮಾತು ನನ್ನ ತಲೆಯಲ್ಲೇ ಉಳಿದಿದೆ. "ದಾವಣಗೆರೆಯಲ್ಲಿ ಅಷ್ಟು ಕಷ್ಟಪಟ್ಟು ಇಳಿಸಿದ ತೂಕ ನಿಮ್ಮೂರ ಹೋಟೆಲಲ್ಲಿ ವಾಪಸ್ ಬರುತ್ತೆ ನೋಡು" ಅಂದೆ. ಬರಬೇಕೆಂದೇನೂ ಇಲ್ಲ ಮಾರಾಯ. ಅದಕ್ಕೇ ಈ ಪತ್ರ.

ನಿನ್ನ ರಕ್ತದ ಸಕ್ಕರೆಯ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂದಿದೆ ಎಂದಿದ್ದೆ. 5.7ರಿಂದ 6.4ರವರೆಗೆ ಇದ್ದರೆ ಡಯಾಬಿಟಿಸ್ ಬಂದಿಲ್ಲ, ಆದರೆ ಬಾಗಿಲಿಗೆ ಬಂದಿದೆ ಎಂದೇ ಲೆಕ್ಕ. ಆ ಪರೀಕ್ಷೆ ತೋರಿಸುವುದು ಎರಡು ಮೂರು ತಿಂಗಳ ಸರಾಸರಿ. ಒಂದು ದಿನದ ಮದುವೆ ಊಟ ಅದನ್ನು ಅಲುಗಾಡಿಸುವುದಿಲ್ಲ. ಒಂದು ತಿಂಗಳು ಹಾದಿ ತಪ್ಪಿದರೆ ಖಂಡಿತ ಅಲುಗಾಡುತ್ತದೆ. ನೀನು ಇಲ್ಲಿರುವುದು ಒಂದು ತಿಂಗಳು, ಹಾಗಾಗಿ ನನಗೆ ಕಾಳಜಿ.

ಹೊರಗಿನಿಂದ ಬಂದವರು ಇಲ್ಲಿ ಒಂದೇ ದಿನದಲ್ಲಿ ಏನೇನು ತಿನ್ನುತ್ತಾರೆ ಗೊತ್ತಾ? ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಕೋಳಿ ಸಾರಿನ ಕೋರಿ ರೊಟ್ಟಿ, ಸಂಜೆ ಎಣ್ಣೆಯಲ್ಲಿ ಕರಿದ ಗೋಳಿ ಬಜೆ, ರಾತ್ರಿ ಚಿಕನ್ ಘೀ ರೋಸ್ಟ್, ಮೇಲೊಂದು ಗಡ್‌ಬಡ್ ಐಸ್‌ಕ್ರೀಮ್. ಎಲ್ಲವೂ ನಮ್ಮದೇ, ಎಲ್ಲವೂ ರುಚಿಯೇ. ಆದರೆ ಇಲ್ಲಿಯ ಯಾವ ಮನೆಯಲ್ಲೂ ದಿನಾ ಹೀಗೆ ತಿನ್ನುವುದಿಲ್ಲ. ಮನೆಗಳಲ್ಲಿ ನಡೆಯುವುದು ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ತಂಬುಳಿ, ಬಸಳೆ ಸಾಂಬಾರು, ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ. ನೀನು ಪ್ರವಾಸಿಗರ ಪಟ್ಟಿ ಬಿಟ್ಟು ಈ ಪಟ್ಟಿ ಹಿಡಿದರೆ ಸಾಕು. ಡಬ್ಬಿ ಕಟ್ಟಿಕೊಂಡು ಓಡಾಡಬೇಕಿಲ್ಲ, ಓಟ್ಸ್ ಪ್ಯಾಕೆಟ್ ಹೊರಬೇಕಿಲ್ಲ.

ಬೆಳಗಿನ ತಿಂಡಿ ನೋಡು. ಬನ್ಸ್ ಅಂದರೆ ಮೈದಾ, ಬಾಳೆಹಣ್ಣು, ಸಕ್ಕರೆ, ಮೊಸರು ಕಲಸಿ ಎಣ್ಣೆಯಲ್ಲಿ ಕರಿದದ್ದು. ಬಿಸಿಬಿಸಿ ಉಬ್ಬಿದ ಬನ್ಸ್ ಎದುರಿಗೆ ಬಂದರೆ ಬೇಡ ಅನ್ನುವುದು ಕಷ್ಟ, ನಿಜ. ವಾರಕ್ಕೊಂದು ದಿನ ತಿನ್ನು, ಖುಷಿಯಿಂದ ತಿನ್ನು. ಉಳಿದ ದಿನ ಹೋಟೆಲಲ್ಲಿ "ಸಜ್ಜಿಗೆ ಬಜಿಲ್, ಕಡ್ಲೆ ಹಾಕಿ" ಅಂತ ಹೇಳು. ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಮೇಲೆ ಬೇಯಿಸಿದ ಕಡಲೆಯ ಉಸ್ಲಿ. ಉಪ್ಪಿಟ್ಟು ಅರ್ಧ ಮಾಡಿಸಿ ಕಡ್ಲೆ ಡಬಲ್ ಹಾಕಿಸಿಕೊ, ಬೇಡ ಅನ್ನುವವರು ಯಾರೂ ಇಲ್ಲ. ಕಡಲೆ ಹೊಟ್ಟೆಯಲ್ಲಿ ನಿಲ್ಲುತ್ತದೆ, ಹನ್ನೊಂದು ಗಂಟೆಗೆ ಹಸಿವು ಏಳುವುದಿಲ್ಲ. ಮೂಡೆ, ಕೊಟ್ಟೆ ಕಡುಬು, ಪುಂಡಿ ಎಲ್ಲ ಹಬೆಯಲ್ಲಿ ಬೆಂದವು. ಎಣ್ಣೆಯ ಚಿಂತೆ ಇಲ್ಲ. ನೀರುದೋಸೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಅದು ಎಷ್ಟು ಹಗುರ ಎಂದರೆ ಆರು ಹೋದರೂ ಗೊತ್ತಾಗುವುದಿಲ್ಲ. ಅದರಲ್ಲಿರುವುದು ಬರೀ ಅಕ್ಕಿ, ಉದ್ದು ಕೂಡ ಇಲ್ಲ. ಮೂರು ಹಾಕಿಸಿಕೊಂಡು ಜೊತೆಗೆ ಕಡ್ಲೆ ಗಸಿಯೋ ಮೀನು ಸಾರೋ ತೆಗೆದುಕೊ.

ಮಧ್ಯಾಹ್ನದ ಊಟದ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿನ್ನ ಆರೋಗ್ಯಕ್ಕೆ ನಮ್ಮೂರು ಕೊಡುವ ದೊಡ್ಡ ಉಡುಗೊರೆ ಅದೇ. ಬಂದರಿನ ಹತ್ತಿರವೋ ಮಲ್ಪೆ ರಸ್ತೆಯಲ್ಲೋ ಒಂದು ಸಣ್ಣ ಮೀನಿನ ಊಟದ ಹೋಟೆಲ್ ನೋಡಿ ಹೋಗು. ಲಾರಿ ಡ್ರೈವರ್‌ಗಳು, ಅಂಗಡಿಯವರು ಊಟಕ್ಕೆ ನಿಂತಿರುವಂಥದ್ದು. ಬಾಳೆಎಲೆಯೋ ಸ್ಟೀಲ್ ತಟ್ಟೆಯೋ, ಅದರಲ್ಲಿ ಕುಚ್ಚಲಕ್ಕಿ ಅನ್ನ, ಒಂದು ಪಲ್ಯ, ಉಪ್ಪಿನಕಾಯಿ, ಕೆಂಪನೆಯ ಮೀನು ಸಾರು. ಒಳಗೆ ಕಬ್ಬಿಣದ ದೊಡ್ಡ ಕಾವಲಿ ಇರುತ್ತದೆ. ಬಂಗುಡೆ ಮೀನಿನ ಎರಡೂ ಬದಿ ಓರೆಯಾಗಿ ಗೀರಿ, ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದ ಮಸಾಲೆಯನ್ನು ಆ ಗೀರಿನೊಳಗೆ ಹೋಗುವಂತೆ ಬೆರಳಿಂದ ತಿಕ್ಕಿರುತ್ತಾರೆ. ಕಾವಲಿಗೆ ಸ್ವಲ್ಪ ಎಣ್ಣೆ ಚಿಮುಕಿಸಿ ಮೀನು ಇಟ್ಟರೆ ಅಂಚಿನ ಮಸಾಲೆ ನಿಧಾನವಾಗಿ ಕಪ್ಪಾಗುತ್ತ ಬರುತ್ತದೆ, ಹುಣಸೆ ಸುಟ್ಟ ಹುಳಿ ಘಮ ರಸ್ತೆಗೇ ಬರುತ್ತದೆ. ಇದು ತವಾ ಫ್ರೈ. ರವಾ ಫ್ರೈ ಆದರೆ ರವೆ ಎಣ್ಣೆ ಕುಡಿಯುತ್ತದೆ. ನೀನು "ತವಾ ಫ್ರೈ, ಎಣ್ಣೆ ಕಮ್ಮಿ" ಅಂತ ಹೇಳು.

ಅಂಜಲ್, ಕಾಣೆ ಅಂತ ದುಬಾರಿ ಮೀನೇ ಬೇಕೆಂದಿಲ್ಲ. ಬಂಗುಡೆ, ಬೂತಾಯಿ ಅಗ್ಗದವು, ಆದರೆ ಒಮೆಗಾ-3 ಕೊಬ್ಬು ಧಾರಾಳವಾಗಿ ಇರುವುದು ಇವುಗಳಲ್ಲೇ. ಹೃದಯಕ್ಕೆ ಒಳ್ಳೆಯದು. ಮೀನಿನಲ್ಲಿ ಹಿಟ್ಟಿನ ಅಂಶ ಇಲ್ಲವಾದ್ದರಿಂದ ಸಕ್ಕರೆಯೂ ಏರುವುದಿಲ್ಲ. ಎರಡು ಬಂಗುಡೆ ತಿಂದರೆ ಅನ್ನ ತಾನಾಗಿ ಕಮ್ಮಿಯಾಗುತ್ತದೆ. ಮೊದಲು ಮೀನು, ಪಲ್ಯ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕು. ಈ ಒಂದು ಅಭ್ಯಾಸ ಹಿಡಿದುಕೊ, ಬೇರೇನೂ ನೆನಪಿಲ್ಲದಿದ್ದರೂ ಪರವಾಗಿಲ್ಲ.

ಕುಚ್ಚಲಕ್ಕಿ ನಿನಗೆ ಮೊದಮೊದಲು ದಪ್ಪ ಅನ್ನಿಸಬಹುದು. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುತ್ತಾರೆ. ಬೇಯುವಾಗ ಸಿಪ್ಪೆಯ ಕಡೆ ಇರುವ ಬಿ ವಿಟಮಿನ್‌ಗಳು ಕಾಳಿನೊಳಗೆ ಇಳಿಯುತ್ತವೆ. ಹಾಗಾಗಿ ಗಿರಣಿಗೆ ಹಾಕಿದಾಗ ಪೂರ್ತಿ ಕಳೆದುಹೋಗುವುದಿಲ್ಲ. ಪಾಲಿಶ್ ಮಾಡಿದ ಬಿಳಿ ಬೆಳ್ತಿಗೆ ಅಕ್ಕಿಯಷ್ಟು ಬೇಗ ಇದು ಸಕ್ಕರೆ ಏರಿಸುವುದೂ ಇಲ್ಲ. ಆದರೂ ಅದು ಅಕ್ಕಿಯೇ. ಜೋಳದ ರೊಟ್ಟಿ ತಿಂದು ಬೆಳೆದ ನೀನು ಎರಡನೇ ಸಲ ಅನ್ನ ಬಂದಾಗ ಎಲೆಗೆ ಕೈ ಅಡ್ಡ ಹಿಡಿ.

ಜೂನ್, ಜುಲೈ ಎರಡು ತಿಂಗಳು ಇಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನು ಮೊಟ್ಟೆ ಇಡುವ ಕಾಲ ಅಂತ ನಿಷೇಧ. ನಿನ್ನ ಆಡಿಟ್ ಆಗಲೇ ಬಿದ್ದರೆ ತಾಜಾ ಮೀನು ಕಮ್ಮಿ, ಒಣಮೀನು ಜಾಸ್ತಿ. ಒಣಮೀನಿನಲ್ಲಿ ಉಪ್ಪು ವಿಪರೀತ. ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಣಮೀನಿನ ಚಟ್ನಿ ಜೊತೆ ಉಪ್ಪಿನಕಾಯಿಯೂ ಸೇರಿದರೆ ಅದು ಒಂದೇ ಊಟಕ್ಕೆ ಮುಗಿದುಬಿಡುತ್ತದೆ. ಆ ದಿನಗಳಲ್ಲಿ ಉಡುಪಿ ಕಡೆಯ ಸಸ್ಯಾಹಾರಿ ಊಟವೇ ಒಳ್ಳೆಯದು. ಮಟ್ಟುಗುಳ್ಳ ಬದನೆಯ ಹುಳಿ, ಒಂದೆಲಗದ ತಂಬುಳಿ, ಹುರುಳಿ ಸಾರು. ಪತ್ರೊಡೆ ಸಿಕ್ಕಿದರೆ ಬಿಡಬೇಡ. ಕೆಸುವಿನ ಎಲೆಗೆ ಅಕ್ಕಿ ಮಸಾಲೆ ಹಚ್ಚಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಅದು ಮಳೆಗಾಲದ್ದೇ ತಿಂಡಿ.

ಇನ್ನು ನಿಜವಾದ ಅಪಾಯ ಸಂಜೆ ನಾಲ್ಕರಿಂದ ಆರು. ಶಾಖೆಯಲ್ಲಿ ಲೆಕ್ಕ ನೋಡುತ್ತ ಕೂತಿರುತ್ತೀಯ, ಚಹಾ ಬರುತ್ತದೆ, ಜೊತೆಗೆ ಕಾಗದದ ಪೊಟ್ಟಣದಲ್ಲಿ ಗೋಳಿ ಬಜೆ. ಕೈ ತಾನಾಗಿ ಹೋಗುತ್ತದೆ. ದೇಹ ಕೆಡುವುದು ಭರ್ಜರಿ ಊಟದಿಂದಲ್ಲ, ಹೀಗೆ ಲೆಕ್ಕಕ್ಕೇ ಸಿಗದ ತಿಂಡಿಗಳಿಂದ ಅಂತ ನನಗೆ ಬಲವಾಗಿ ಅನ್ನಿಸಿದೆ. ಚೀಲದಲ್ಲಿ ಹುರಿದ ಕಡಲೆ, ಶೇಂಗಾ ಇಟ್ಟುಕೊ. ಮೂರೂವರೆಗೇ ಒಂದು ಮುಷ್ಟಿ ತಿಂದುಬಿಡು. ಹೊಟ್ಟೆ ತುಂಬಿದ್ದಾಗ ಬೇಡ ಅನ್ನುವುದು ಸುಲಭ. ಚಹಾಕ್ಕೆ ಸಕ್ಕರೆ ಬೇರೆ ತರಲು ಹೇಳು. ಪುನರ್ಪುಳಿ (ಕೋಕಂ) ಜ್ಯೂಸ್ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹೋಟೆಲಿನದರಲ್ಲಿ ಸಕ್ಕರೆಯೇ ಜಾಸ್ತಿ. ಪುನರ್ಪುಳಿ ಸಾರು ಕೇಳು, ಇಲ್ಲವೇ ನೀರು ಮಜ್ಜಿಗೆ.

ಒತ್ತಾಯದ ವಿಷಯಕ್ಕೆ ನೀನು ತಯಾರಿರಬೇಕು. ಇಲ್ಲಿ ಯಾರಾದರೂ ಮನೆಗೆ ಕರೆದರೆ "ಇನ್ನೊಂದು ಹಾಕ್ತೇನೆ, ಎಂತ ಆಗುವುದಿಲ್ಲ" ಅನ್ನದೆ ಬಿಡುವುದಿಲ್ಲ. ಡಯಟ್ ಅಂದರೆ ಅವರಿಗೆ ಬೇಸರ, "ಡಾಕ್ಟರ್ ಹೇಳಿದ್ದಾರೆ" ಅಂದರೆ ಗಾಬರಿ. "ಅಕ್ಕ, ತುಂಬ ಚೆನ್ನಾಗಿದೆ, ಸ್ವಲ್ಪ ಮಜ್ಜಿಗೆ ಕೊಡಿ" ಅನ್ನು. ಮಜ್ಜಿಗೆ ಕೇಳಿದರೆ ಊಟ ಮುಗಿಯಿತು ಅಂತ ಅವರಿಗೇ ತಿಳಿಯುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

ನಡಿಗೆಗೆ ಬರುತ್ತೇನೆ. ದಾವಣಗೆರೆಯಲ್ಲಿ ಸಂಜೆ ನಡೆದು ಅಭ್ಯಾಸ ನಿನಗೆ. ಇಲ್ಲಿ ಅದನ್ನು ಬೆಳಿಗ್ಗೆಗೆ ಹಾಕಿಕೊ. ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ, ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಅದೇ ದೂರ ನಡೆದರೂ ಜಾಸ್ತಿ ಸುಸ್ತಾಗುತ್ತದೆ. ಏಳು ಗಂಟೆಯೊಳಗೆ ಮುಗಿಸಿಬಿಡು. ಮಂಗಳೂರಲ್ಲಿ ಉಳಿದುಕೊಂಡರೆ ಕದ್ರಿ ಪಾರ್ಕ್ ಇದೆ. ಮಣಿಪಾಲದಲ್ಲಿ ಆದರೆ ಮಣ್ಣಪಳ್ಳ ಕೆರೆಯ ಸುತ್ತ ನಡೆಯುವ ದಾರಿ, ಮರಗಳ ನೆರಳು. ನನಗಂತೂ ಎಲ್ಲಕ್ಕಿಂತ ಇಷ್ಟ ಮಲ್ಪೆಯ ಮರಳು. ಚಪ್ಪಲಿ ಕೈಯಲ್ಲಿ ಹಿಡಿದು ಅಲೆ ಬಂದು ಹೋದ ಒದ್ದೆ ಮರಳಲ್ಲಿ ನಡೆದರೆ ಗಟ್ಟಿಯಾಗಿ ಕಾಲು ಊರಬಹುದು. ಸ್ವಲ್ಪ ಮೇಲೆ ಒಣ ಮರಳಿಗೆ ಬಂದರೆ ಪ್ರತಿ ಹೆಜ್ಜೆಯೂ ಹೂತು ಮೀನಖಂಡ ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ಸಾಕು, ರಸ್ತೆಯಲ್ಲಿ ಅಷ್ಟೇ ಹೊತ್ತು ನಡೆದದ್ದಕ್ಕಿಂತ ಜಾಸ್ತಿ ಕೆಲಸ ಆಗಿರುತ್ತದೆ. ಮಳೆಗಾಲದಲ್ಲಿ ಮಾತ್ರ ನೀರಿನ ಹತ್ತಿರ ಹೋಗಬೇಡ. ಆಗ ನಮ್ಮ ಕಡಲು ಬೇರೆಯೇ, ಈಜು ಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ.

ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕಸರತ್ತು ಅಂತ ಲೆಕ್ಕ. ಒಂದೇ ಸಲಕ್ಕೆ ಆಗಬೇಕಿಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಊಟದಿಂದ ಬಂದ ಸಕ್ಕರೆಯನ್ನು ಕಾಲಿನ ಸ್ನಾಯುಗಳೇ ಎಳೆದುಕೊಳ್ಳುತ್ತವೆ. ನಿನ್ನಂಥವರಿಗೆ ಇದು ತುಂಬಾ ಮುಖ್ಯ. ಶಾಖೆಗೆ ಹೋಗುವಾಗ ಒಂದು ಸ್ಟಾಪ್ ಮೊದಲೇ ಇಳಿದು ನಡೆ. ಜಡಿಮಳೆ ಹಿಡಿದ ದಿನ ಲಾಡ್ಜಿನ ಮೆಟ್ಟಿಲು ಉಂಟಲ್ಲ, ಹತ್ತಿ ಇಳಿ. ರೂಮಿನಲ್ಲೇ ಬೈಠಕ್, ಗೋಡೆಗೆ ಕೈ ಕೊಟ್ಟು ದಂಡ, ಸೂರ್ಯನಮಸ್ಕಾರ ಮಾಡು. ಇದಕ್ಕೆ ಒಂದು ಟವೆಲ್ ಹಾಸುವಷ್ಟು ಜಾಗ ಸಾಕು. ಜಿಮ್ ಹುಡುಕಿಕೊಂಡು ಹೋಗುವ ಸಾಹಸ ಬೇಡ, ಊರು ಬದಲಾಗುತ್ತಲೇ ಇರುವವನಿಗೆ ಅದು ನಡೆಯುವುದಿಲ್ಲ.

ನಿದ್ದೆಯನ್ನೂ ಹೇಳಿಬಿಡುತ್ತೇನೆ. ರಾತ್ರಿ ಬಸ್ಸಲ್ಲಿ ಬಂದು ಬೆಳಿಗ್ಗೆ ನೇರ ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ ಬಿಡು. ನಿದ್ದೆ ಕೆಟ್ಟ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ, ಕರಿದದ್ದರ ಮೇಲೇ ಆಸೆ. ಹಿಂದಿನ ದಿನ ಹಗಲು ಬಸ್ಸಲ್ಲೇ ಬಾ, ಘಾಟಿಯನ್ನೂ ನೋಡಬಹುದು.

ಗಡ್‌ಬಡ್ ತಿನ್ನಲೇಬಾರದಾ ಅಂತ ಕೇಳುತ್ತೀಯ, ಗೊತ್ತು. ಉಡುಪಿಗೆ ಬಂದು ಅದನ್ನು ತಿನ್ನದೆ ಹೋದರೆ ನನಗೇ ಬೇಸರ. ಕೊನೆಯ ಭಾನುವಾರ ಇಬ್ಬರೂ ಸೇರಿ ಒಂದು ಗ್ಲಾಸ್ ಹಂಚಿಕೊಳ್ಳೋಣ. ಅವತ್ತು ಮಧ್ಯಾಹ್ನದ ಅನ್ನ ಕಮ್ಮಿ ಮಾಡಿದರಾಯಿತು.

ನೀನು ಬರುವ ತಾರೀಖು, ಉಳಿದುಕೊಳ್ಳುವ ಲಾಡ್ಜ್ ಯಾವ ಕಡೆ ಅಂತ ಬೇಗ ತಿಳಿಸು. ಬಂದ ಮರುದಿನ ಬೆಳಿಗ್ಗೆ ಆರಕ್ಕೆ ನಾನು ಗಾಡಿ ತರುತ್ತೇನೆ, ಒಟ್ಟಿಗೆ ನಡೆದು ಮನೆಗೆ ಬಂದು ತಿಂಡಿ ತಿನ್ನೋಣ. ಅಮ್ಮ ಈಗಲೇ ಹುರುಳಿ ಚಟ್ನಿಯ ಮಾತು ಆಡುತ್ತಿದ್ದಾರೆ. ಶೂ ಎರಡು ಜೊತೆ ತಾ, ಇಲ್ಲಿ ಒದ್ದೆಯಾದದ್ದು ಒಂದು ದಿನಕ್ಕೆ ಒಣಗುವುದಿಲ್ಲ. ಬಿಪಿ ಮಾತ್ರೆಯನ್ನು ತಿಂಗಳಿಗಾಗುವಷ್ಟು ಕಟ್ಟಿಕೊ. ಅತ್ತಿಗೆಗೆ ನಮಸ್ಕಾರ ಹೇಳು, ಮಕ್ಕಳಿಗೆ ಪ್ರೀತಿ.

ನಿನ್ನ
ಮಂಗಳೂರಿನ ಗೆಳೆಯ