ಟ್ರಸ್ಟಿಗಳೂ ಕುರಿ ಕಜ್ಜಿಯೂ

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡಿನ ಉಣ್ಣೆ ವ್ಯಾಪಾರದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ 19ನೇ ಶತಮಾನದಲ್ಲಿ ಅಲ್ಲಿನ ವಲಸೆ ರೈತರನ್ನು ಕಾಡಿದ ಕುರಿ ಕಜ್ಜಿಯ ಮಾತೇ ಇರಲಿಲ್ಲ. ಅದಕ್ಕೆ ಕಾರಣ ಕಂಡೂ ಕಾಣದಷ್ಟು ಸಣ್ಣ ನುಸಿ. ತುರಿಕೆ ತಾಳದೆ ಕುರಿ ಬೇಲಿ ಕಂಬಕ್ಕೆ ಮೈ ಉಜ್ಜುತ್ತಿತ್ತು, ಉಣ್ಣೆ ಕಿತ್ತು ಬರುತ್ತಿತ್ತು. ಅದೇ ಕಂಬದಿಂದ ಇನ್ನೊಂದು ಕುರಿಗೂ ಅಂಟುತ್ತಿತ್ತು. ಹೊಗೆಸೊಪ್ಪಿನ ಕಷಾಯಕ್ಕೆ ಗಂಧಕ ಬೆರೆಸಿ, ತೊಟ್ಟಿಯಲ್ಲಿ ಒಂದೊಂದೇ ಕುರಿಯನ್ನು ಮುಳುಗಿಸುತ್ತಿದ್ದರು. ಒಂದು ಸಲ ಸಾಲದು. ಮೊಟ್ಟೆ ಒಡೆದು ಮರಿ ಬರುತ್ತವಲ್ಲ, ಎರಡು ವಾರದೊಳಗೆ ಮತ್ತೆ ಮುಳುಗಿಸಬೇಕು.

ಯಜಮಾನ ತೀರಿಕೊಂಡು, ಮಕ್ಕಳು ಚಿಕ್ಕವರಿದ್ದರೆ? ಆಸ್ತಿ ಟ್ರಸ್ಟಿಗಳ ಕೈಗೆ. ಹೊಗೆಸೊಪ್ಪಿಗೆ, ಆಳುಗಳಿಗೆ ದುಡ್ಡು ಬಿಚ್ಚಬೇಕಾದವರು ಅವರೇ. ಅವರು ತಡ ಮಾಡಿದರೆ ಆ ಮಕ್ಕಳ ಹಿಂಡೂ ಕೆಟ್ಟಿತು, ಪಕ್ಕದವರದೂ ಕೆಟ್ಟಿತು. ನಂಬಿಕಸ್ಥ ಟ್ರಸ್ಟಿಗಳು ಸಿಗುವುದೇ ಕಷ್ಟವಾಗಿದ್ದ ಆ ಕಾಲದಲ್ಲಿ, 1872ರಲ್ಲಿ ಕಾಯ್ದೆ ತಂದು ಸರ್ಕಾರವೇ ಟ್ರಸ್ಟಿಯಾಗಿ ನಿಂತಿತು. ಪಬ್ಲಿಕ್ ಟ್ರಸ್ಟ್ ಎಂಬ ಹೆಸರಲ್ಲಿ ಆ ಸಂಸ್ಥೆ ಇಂದಿಗೂ ಇದೆ. ಉಣ್ಣೆಯ ದರಕ್ಕಿಂತ ಇದೇ ದೊಡ್ಡ ವಿಷಯ ಅಂತ ನನ್ನ ಅನಿಸಿಕೆ. ದಯವಿಟ್ಟು ಇದರ ಮೇಲೂ ಒಂದು ಲೇಖನ ಬರೆಸಿ.

ಇಂತಿ,
ಒಬ್ಬ ಓದುಗ, ರಾಣೆಬೆನ್ನೂರು