ಹದಿಮೂರು ಶಾಲೆ, ಒಂದು ಊಟ: ಮಗಳಿಗೊಂದು ಪತ್ರ

ಪ್ರೀತಿಯ ಕೂಸೇ,

ನೀನು ಕಳಿಸಿದ ವಾಟ್ಸಾಪ್ ಸಂದೇಶ ನೋಡಿದೆ. ‘ಏಳುನೂರು ವರ್ಷಗಳ ಹಿಂದೆಯೇ ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ’ ಎಂಬ ಸಾಲು, ಅದರ ಕೆಳಗೆ ಬಾವುಟ, ಮುಗಿದ ಕೈ, ಒಂದಿಷ್ಟು ಹೂವು. ‘ಇದು ನಿಜವೇ ಅಮ್ಮಾ?’ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧದಲ್ಲಿ ನಿನಗೆ ತರಗತಿಯ ಹೊತ್ತಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಜ. ಆದರೆ ಸಂದೇಶ ಬರೆದವರು ಪುಟವನ್ನು ಪೂರ್ತಿ ಓದಿಲ್ಲ.

ಮಾತು ಇಬ್ನ್ ಬತೂತ ಎಂಬ ಪ್ರವಾಸಿಯ ಪುಸ್ತಕದ್ದು. ಮೊರಾಕ್ಕೊದ ಟ್ಯಾಂಜಿಯರ್ ಊರಿನ ಖಾಜಿಗಳ ಮನೆತನದಲ್ಲಿ 1304ರಲ್ಲಿ ಹುಟ್ಟಿದವನು. 1325ರಲ್ಲಿ, ಈಗ ನಿನಗಿರುವಷ್ಟೇ ವಯಸ್ಸಿನಲ್ಲಿ, ಮೆಕ್ಕಾ ಯಾತ್ರೆಗೆಂದು ಒಬ್ಬನೇ ಮನೆ ಬಿಟ್ಟ. ಮತ್ತೆ ತಾಯ್ನಾಡಿಗೆ ಕಾಲಿಟ್ಟದ್ದು 1349ರಲ್ಲಿ. ನಡುವೆ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಕೈಕೆಳಗೆ ಕೆಲವು ವರ್ಷ ಖಾಜಿಯಾಗಿದ್ದ. ಆ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟು, ಗುಜರಾತಿನಲ್ಲಿ ಹಡಗು ಹತ್ತಿ, ಕರಾವಳಿಗುಂಟ ಇಳಿಯುತ್ತ 1342ರ ಸುಮಾರಿಗೆ ನಮ್ಮೂರು ಮುಟ್ಟಿದ. ದೊಡ್ಡ ಹಡಗುಗಳು ಒಳಬರುವಂಥ ಅಳಿವೆ, ಅಲ್ಲಿಂದ ಅರ್ಧ ಮೈಲಿಯಲ್ಲಿ ಊರು, ಮಳೆಗಾಲದ ನಾಲ್ಕು ತಿಂಗಳು ಮೀನುಗಾರರ ಹೊರತು ಯಾರೂ ಇಳಿಯದ ಕಡಲು. ಅವನ ಈ ವಿವರಣೆಯಲ್ಲಿ ಶರಾವತಿಯ ಹೆಸರಿಲ್ಲದಿದ್ದರೂ ಗುರುತು ಹಿಡಿಯಲು ನಮಗೇನೂ ಕಷ್ಟವಿಲ್ಲ.

ಆಗ ಊರಿನ ಒಡೆಯ ಜಮಾಲುದ್ದೀನ್ ಎಂಬ ಸುಲ್ತಾನ. ಅವನ ಮೇಲೊಬ್ಬ ಹಿಂದೂ ಅರಸನಿದ್ದ. ಬತೂತ ಬರೆಸಿದ ಹೆಸರು ‘ಹರ್ಯಬ್’. ಅದು ಹೊಯ್ಸಳರ ಮೂರನೆಯ ಬಲ್ಲಾಳನೋ ವಿಜಯನಗರದ ಹರಿಹರನೋ ಎಂಬ ಜಗಳ ಇತಿಹಾಸಕಾರರಿಗಿರಲಿ. ಊರಿನ ಮುಸ್ಲಿಮರು ಶಾಫಿ ಪಂಥದವರು, ಧರ್ಮಭೀರುಗಳು, ಕಡಲ ಕಾಳಗದಲ್ಲಿ ಗಟ್ಟಿಗರು. ಅವರ ಹೆಂಗಸರು ಹೊಲಿಯದ ಬಟ್ಟೆ ಉಡುತ್ತಾರೆ, ಒಂದು ತುದಿ ಸೊಂಟಕ್ಕೆ, ಇನ್ನೊಂದು ತಲೆ ಮತ್ತು ಎದೆಯ ಮೇಲೆ. ಮೂಗಿಗೆ ಚಿನ್ನದ ನತ್ತು. ಎಲ್ಲರಿಗೂ ಕುರಾನ್ ಬಾಯಿಪಾಠ. ಇದಾದ ಮೇಲೆ ಆ ಸಾಲು ಬರುತ್ತದೆ: ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ, ಬೇರೆಲ್ಲಿಯೂ ಇಂಥದ್ದನ್ನು ಕಂಡಿಲ್ಲ.

ಕೈರೋ, ಡಮಾಸ್ಕಸ್, ಬಾಗ್ದಾದ್, ದೆಹಲಿಗಳನ್ನೆಲ್ಲ ನೋಡಿದವನು ಹೀಗೆ ಹೇಳುತ್ತಾನೆ ಎಂದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಗೆಂದು ಗಣಿತ, ಭೂಗೋಳ, ಮಧ್ಯಾಹ್ನದ ಬಿಸಿಯೂಟ ಎಂದೆಲ್ಲ ಕಲ್ಪಿಸಿಕೊಳ್ಳಬೇಡ. ಅವನು ಹೇಳುವುದನ್ನು ನೋಡಿದರೆ ಅವು ಮುಸ್ಲಿಮರ ಮಕ್ಕಳಿಗೆ ಕುರಾನ್ ಕಲಿಸುವ ಶಾಲೆಗಳು. ನಿನ್ನ ಸಂದೇಶದಲ್ಲಿ ‘ನಮ್ಮ ಹೊನ್ನಾವರ’ ಎಂದು ಎದೆ ತಟ್ಟಿಕೊಂಡವರಿಗೆ ಈ ಒಂದು ಸಂಗತಿ ಮಾತ್ರ ಬೇಡವಾಗಿದೆ. ಹೆಮ್ಮೆ ಬೇಕು, ಅದು ಯಾರಿಂದ ಬಂತೆಂಬ ಮಾತು ಬೇಡ!

ಇನ್ನು ಅವರು ಓದದೆ ಬಿಟ್ಟ ಭಾಗ. ಸುಲ್ತಾನನ ಮನೆಯ ಊಟವನ್ನು ಬತೂತ ಬಡಿಸಿದ ಕ್ರಮದಲ್ಲೇ ಹೇಳುತ್ತಾನೆ. ಮೊದಲು ತಾಮ್ರದ ಹರಿವಾಣ ಬರುತ್ತದೆ. ಅದಕ್ಕೆ ಒಂದು ಸೌಟು ಅನ್ನ, ಮೇಲೆ ತುಪ್ಪ, ಬದಿಗೆ ಉಪ್ಪಿನಲ್ಲಿ ಹಾಕಿಟ್ಟ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. (ಮೆಣಸಿನಕಾಯಿ ಎಲ್ಲಿ ಎಂದು ಹುಡುಕಬೇಡ. ಪೋರ್ಚುಗೀಸರು ಬರಲು ಇನ್ನೂ ನೂರೈವತ್ತು ವರ್ಷಗಳಿದ್ದವು.) ತುತ್ತಿಗಿಷ್ಟು ಉಪ್ಪಿನಕಾಯಿ ನಂಜಿಕೊಂಡು ಆ ಅನ್ನ ಮುಗಿಸಿದರೆ ಇನ್ನೊಂದು ಸೌಟು ಅನ್ನ, ಜೊತೆಗೆ ಕೋಳಿ. ಮತ್ತೆ ಅನ್ನ, ಬೇರೆ ಬಗೆಯ ಕೋಳಿ. ಆಮೇಲೆ ಮೀನು, ತುಪ್ಪದಲ್ಲಿ ಬೇಯಿಸಿದ ತರಕಾರಿ, ಹಾಲಿನ ಪದಾರ್ಥಗಳು. ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಎಂದು ತಿಳಿಯಬೇಕು ಎನ್ನುತ್ತಾನೆ. ನಾನು ಗಟ್ಟಿಯಾಗಿ ನಕ್ಕದ್ದು ಕೇಳಿ ನಿನ್ನ ಅಪ್ಪ ಏನಾಯಿತೆಂದು ಎದ್ದು ಬಂದರು. ಊಟದ ಮೇಲೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗದು ಎಂದು. ನಿನ್ನ ಅಜ್ಜಿಯ ಮಾತೇ! ಈ ಸುಲ್ತಾನನ ಬಳಿ 11 ತಿಂಗಳು ಇದ್ದೆ, ರೊಟ್ಟಿಯ ಮುಖ ನೋಡಲಿಲ್ಲ ಎಂದು ಗೊಣಗುತ್ತಾನೆ. ದಕ್ಷಿಣದ ಕಡಲತೀರ, ಸಿಂಹಳ, ಮಾಲ್ಡೀವ್ಸ್ ಎಲ್ಲ ಸೇರಿ ಮೂರು ವರ್ಷ ಬರೀ ಅನ್ನ ತಿಂದು, ಕಡೆಗೆ ನೀರು ಕುಡಿಯದೆ ಅದು ಗಂಟಲಲ್ಲಿ ಇಳಿಯದಂತಾಯಿತಂತೆ. ನೀನಿರುವ ಊರಿನ ಬ್ರೆಡ್ಡಿನ ಬಗ್ಗೆ ನೀನು ಹೇಳುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಈ ಊಟವನ್ನೆಲ್ಲ ಬಡಿಸಿದ್ದು ರೇಷ್ಮೆ ಉಟ್ಟ ಒಬ್ಬಳು ಸುಂದರಿ, ದಾಸಿ. ಪಾತ್ರೆಗಳನ್ನು ತನ್ನ ಮುಂದೆ ಇರಿಸಿಕೊಂಡು, ದೊಡ್ಡ ತಾಮ್ರದ ಸೌಟಿನಿಂದ ಒಂದೊಂದಾಗಿ ತೆಗೆದು ಹಾಕುತ್ತಾಳೆ. ಶಾಲೆಗಳನ್ನು ಎಣಿಸಿದ ಅದೇ ಕಣ್ಣು ಇವಳ ಬಟ್ಟೆಯನ್ನೂ ಸೌಟನ್ನೂ ಗಮನಿಸಿದೆ, ಹೆಸರನ್ನು ಕೇಳಿಲ್ಲ. ಎಲ್ಲಿಂದ ತಂದವಳು, ಆ 13 ಶಾಲೆಗಳಲ್ಲಿ ಯಾವುದರ ಬಾಗಿಲಾದರೂ ಇವಳಿಗೆ ತೆರೆದಿತ್ತೇ? ಅವನಿಗೆ ಅದು ಪ್ರಶ್ನೆಯೇ ಅಲ್ಲ. ಅವನೂ ದಾಸಿಯರನ್ನು ಕೊಂಡು ಜೊತೆಯಲ್ಲಿ ಕರೆದೊಯ್ಯುತ್ತಿದ್ದವನೇ. ಕಲ್ಲಿಕೋಟೆಯಲ್ಲಿ ಬಿರುಗಾಳಿ ಎದ್ದು ಅವನ ಸಾಮಾನಿದ್ದ ಹಡಗು ಅವನನ್ನು ಬಿಟ್ಟೇ ಹೊರಟುಹೋಯಿತು. ಅದರಲ್ಲಿದ್ದ ಬಸುರಿ ದಾಸಿಯೊಬ್ಬಳು ತೀರಿಕೊಂಡ ಸುದ್ದಿ ಅವನಿಗೆ ಸಿಕ್ಕಿದ್ದು ಎಷ್ಟೋ ಕಾಲದ ನಂತರ. ಊರೂರಿನಲ್ಲಿ ಮದುವೆಯಾಗುವುದು, ತಲಾಖ್ ಕೊಟ್ಟು ಮುಂದೆ ಹೋಗುವುದು ಬೇರೆ. ಡಮಾಸ್ಕಸ್‌ನಲ್ಲಿ ಬಿಟ್ಟು ಬಂದಿದ್ದ ಹೆಂಡತಿಗೆ ಹುಟ್ಟಿದ ಮಗನನ್ನು ವಿಚಾರಿಸಿಕೊಂಡು ಇಪ್ಪತ್ತು ವರ್ಷದ ಮೇಲೆ ಹೋದರೆ, ಹುಡುಗ ಸತ್ತು 12 ವರ್ಷವಾಗಿತ್ತು.

ಅವನ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಹೆಂಗಸು ಬಯಲೂನ್. ವೋಲ್ಗಾ ತೀರದ ಉಜ್ಬೆಗ್ ಖಾನನ ಮೂರನೆಯ ಹೆಂಡತಿ, ಕಾನ್‌ಸ್ಟಾಂಟಿನೋಪಲ್‌ನ ರಾಜಕುಮಾರಿ. ಬಾಣಂತನಕ್ಕೆ ತವರಿಗೆ ಹೋಗಿಬರುತ್ತೇನೆ ಎಂದು ಗಂಡನ ಅಪ್ಪಣೆ ಪಡೆದಳು. ಬತೂತನೂ ಜೊತೆಗೆ ಹೊರಟ. ತವರಿನ ಗಡಿ ದಾಟಿದ್ದೇ ತಡ, ಜೊತೆಯಲ್ಲಿ ತಂದಿದ್ದ ಮಸೀದಿಯ ಡೇರೆಯನ್ನು ಹಿಂದೆ ಬಿಟ್ಟಳು, ಬಾಂಗ್ ನಿಂತಿತು, ಅವಳ ಊಟದಲ್ಲಿ ದ್ರಾಕ್ಷಾರಸ ಕಾಣಿಸಿಕೊಂಡಿತು. ಅಪ್ಪನ ಮನೆ ಸೇರಿದ ಮೇಲೆ ಹಿಂದಿರುಗುವ ಮಾತೇ ಇಲ್ಲ. ಜೊತೆಗೆ ಬಂದವರಿಗೆ ಉಡುಗೊರೆ ಕೊಟ್ಟು ಕಳಿಸಿದಳು. ಬತೂತ ಇದನ್ನು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ, ನಡೆದದ್ದನ್ನು ಹೇಳಿ ಮುಂದೆ ಹೋಗುತ್ತಾನೆ. ಮಾಲ್ಡೀವ್ಸ್‌ನಲ್ಲಿ ಖಾಜಿಯಾದಾಗ ಮಾತ್ರ, ಅಲ್ಲಿಯ ಹೆಂಗಸರು ಸೊಂಟದ ಮೇಲೆ ಬಟ್ಟೆ ಹಾಕಬೇಕೆಂದು ಆಜ್ಞೆ ಮಾಡಿದ. ಯಾರೂ ಕೇಳಲಿಲ್ಲ, ಅದನ್ನೂ ಅವನೇ ಒಪ್ಪಿಕೊಂಡಿದ್ದಾನೆ. ಈ ಪ್ರಾಮಾಣಿಕತೆಗಾಗಿ ಅವನ ಎಷ್ಟೋ ತಪ್ಪುಗಳನ್ನು ನಾನು ಮನ್ನಿಸಿದ್ದೇನೆ.

ಇದೆಲ್ಲ ನಮ್ಮ ಕೈಗೆ ಸಿಕ್ಕಿದ್ದೇ ಹೆಚ್ಚು. ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ ಒಂದು ಸಲ 12 ಹಡಗುಗಳ ಕಡಲುಗಳ್ಳರು ಮುತ್ತಿ, ಸಿಂಹಳದ ಅರಸ ಕೊಟ್ಟ ರತ್ನಗಳಿಂದ ಹಿಡಿದು ಮೈಮೇಲಿನ ಬಟ್ಟೆಯವರೆಗೆ ಎಲ್ಲ ದೋಚಿದರು. ಉಳಿದದ್ದು ಒಂದು ಚಲ್ಲಣ. ಕೊನೆಗೆ ಫೆಜ್ ನಗರದಲ್ಲಿ, ಅಲ್ಲಿಯ ಸುಲ್ತಾನನ ಅಪ್ಪಣೆಯಂತೆ, ನೆನಪಿನಿಂದ ಹೇಳುತ್ತ ಹೋದದ್ದನ್ನು ಇಬ್ನ್ ಜುಜಯ್ ಎಂಬ ವಿದ್ವಾಂಸ ಬರೆದುಕೊಂಡ. 1355ರಲ್ಲಿ ಮುಗಿಯಿತು. ಅಷ್ಟು ವರ್ಷ ಕಳೆದ ಮೇಲೂ 13 ಮತ್ತು 23 ಎಂಬ ಅಂಕೆ ಅವನ ತಲೆಯಲ್ಲಿ ಉಳಿದಿತ್ತು. ಅವನು ಊರಿಗೆ ಮರಳುವ ದಾರಿಯಲ್ಲಿ ತಾಜಾ ಎಂಬಲ್ಲಿ ತಾಯಿ ಪ್ಲೇಗಿನಲ್ಲಿ ತೀರಿಕೊಂಡದ್ದು ತಿಳಿಯಿತು. ಟ್ಯಾಂಜಿಯರ್‌ಗೆ ಹೋಗಿ ಅವಳ ಸಮಾಧಿ ನೋಡಿದ. ಅದಕ್ಕೆ ಒಂದೇ ಒಂದು ಸಾಲು ಕೊಟ್ಟಿದ್ದಾನೆ, ನಮ್ಮ ಸುಲ್ತಾನನ ಊಟಕ್ಕೆ ಒಂದು ಪುಟ. ತಾಯಿಯಾಗಿ ನಾನು ಇದನ್ನು ಗಮನಿಸದೆ ಇರಲಾರೆ. ನೀನು ವಾರಕ್ಕೊಮ್ಮೆಯಾದರೂ ಫೋನ್ ಮಾಡು.

ಆ ಗುಂಪಿಗೆ ಉತ್ತರ ಹಾಕುವುದಾದರೆ ಶಾಲೆಯ ಸಾಲಿನ ಜೊತೆಗೆ ಬಡಿಸಿದವಳ ಸಾಲನ್ನೂ ಹಾಕು. ಗಿಬ್ ಎಂಬ ವಿದ್ವಾಂಸರು ಆರಂಭಿಸಿದ ಈ ಪುಸ್ತಕದ ಇಂಗ್ಲಿಷ್ ಅನುವಾದ ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇರಬಹುದು, ನಾಲ್ಕನೆಯ ಸಂಪುಟ ನೋಡು. ಬಾರ್ಕೂರು, ಮಂಗಳೂರು ಎರಡೂ ಅಲ್ಲೇ ಬರುತ್ತವೆ. ಬಾರ್ಕೂರಿನ ಕಬ್ಬನ್ನು ಬಾಯಿ ತುಂಬ ಹೊಗಳಿದ್ದಾನೆ. ಅಜ್ಜನಿಗೆ ಓದಿ ಹೇಳಬೇಕು, ಆ ಪುಟದ ಫೋಟೊ ತೆಗೆದು ಕಳಿಸು.

ನಿನ್ನ,
ಅಮ್ಮ